ಮುಂಬೈನ ವಸ್ತುಸಂಗ್ರಹಾಲಯಗಳು ಮತ್ತು ಒಂದು ಒಪೆರಾ ಸಂಜೆ: ನಮ್ಮ ವಿದ್ಯಾರ್ಥಿಗಳು ಕಂಡದ್ದೇನು?

ಕನ್ನಡ ಎಂ.ಎ. ವಿದ್ಯಾರ್ಥಿನಿ, ದಾವಣಗೆರೆ

ನಮ್ಮ ಕಾಲೇಜಿನ ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ಈ ವರ್ಷದ ಅಧ್ಯಯನ ಪ್ರವಾಸಕ್ಕೆ ಮುಂಬೈಗೆ ಹೋಗಿ ಬಂದಿದ್ದೇವೆ. ಹಗಲಿನಲ್ಲಿ ವಸ್ತುಸಂಗ್ರಹಾಲಯಗಳು, ಒಂದು ಸಂಜೆ ರಾಯಲ್ ಒಪೆರಾ ಹೌಸಿನಲ್ಲಿ ಇಟಲಿಯ ಸಂಗೀತ ರಚನಕಾರ ವೆರ್ದಿಯ 'ಲಾ ಟ್ರಾವಿಯಾಟಾ' ಎಂಬ ಒಪೆರಾದ, ಅಂದರೆ ಹಾಡಿನಲ್ಲೇ ಕಥೆ ನಡೆಸುವ ನಾಟಕದ, ಆಯ್ದ ದೃಶ್ಯಗಳ ಗಾಯನ, ಇವೇ ಪ್ರವಾಸದ ಮುಖ್ಯ ಭಾಗಗಳಾಗಿದ್ದವು. ಮೊದಲೇ ಓದಿಕೊಂಡು ಹೋದರೆ ಮಾತ್ರ ಇಂಥವು ರುಚಿಸುತ್ತವೆಯೇ ಎಂದು ಹಿಂತಿರುಗುವಾಗ ರೈಲಿನಲ್ಲಿ ಎದ್ದ ಚರ್ಚೆ ಊರು ಮುಟ್ಟಿದರೂ ಮುಗಿಯಲಿಲ್ಲವಾದ್ದರಿಂದ ಅದನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿರುವ ಐಹೊಳೆಯ ಶಿಲ್ಪಗಳು. ಜಾರ್ಜ್ ವಿಟೆಟ್ ವಿನ್ಯಾಸ ಮಾಡಿದ ಆ ಕಟ್ಟಡಕ್ಕೆ 1905ರಲ್ಲಿ ಅಡಿಗಲ್ಲು ಬಿದ್ದು, 1922ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು ಎಂಬುದನ್ನು ಓದಿಕೊಂಡು ಹೋಗಿದ್ದೆ. ಆದರೆ ಬಾಗಲಕೋಟೆ ಜಿಲ್ಲೆಯ ಗುಡಿಯೊಂದರ ಚಾವಣಿಯಲ್ಲಿದ್ದ ಬ್ರಹ್ಮನ ಫಲಕ ಅಲ್ಲಿ ಎದುರಾಗುತ್ತದೆ ಎಂಬುದನ್ನು ನಾನು ನಿರೀಕ್ಷಿಸಿರಲಿಲ್ಲ. ಐಹೊಳೆಯಲ್ಲಿ ಇಂಥ ಶಿಲ್ಪಗಳನ್ನು ಕತ್ತೆತ್ತಿ, ಕತ್ತಲೆಗೆ ಕಣ್ಣು ಹೊಂದಿಸಿಕೊಂಡು ನೋಡಬೇಕು. ಇಲ್ಲಿ ಅದು ಕಣ್ಣಿನ ಮಟ್ಟದಲ್ಲಿ, ಒಳ್ಳೆಯ ಬೆಳಕಿನಲ್ಲಿ ಇದೆ. ಬ್ರಹ್ಮನ ಸುತ್ತ ನೆರೆದ ಋಷಿಗಳ ಮುಖಗಳನ್ನು ಒಂದೊಂದಾಗಿ ನೋಡಲು ಸಾಧ್ಯವಾಯಿತು. ಆದರೆ ಗುಡಿಯೊಳಗೆ ನಿಂತವರ ನೆತ್ತಿಯ ಮೇಲೆ ಇರಲೆಂದು ಶಿಲ್ಪಿ ಕೆತ್ತಿದ್ದನ್ನು ಗೋಡೆಯ ಪಕ್ಕದಲ್ಲಿ ನೋಡಿ ಸಂತೋಷಪಡುವುದು ಸರಿಯೇ ಎಂಬ ಪ್ರಶ್ನೆಗೆ ನನ್ನಲ್ಲಿ ಇನ್ನೂ ಒಂದೇ ಉತ್ತರವಿಲ್ಲ.

ಒಪೆರಾದ ವಿಷಯದಲ್ಲಿ ನನಗೆ ಅಂಥ ಗೊಂದಲವಿರಲಿಲ್ಲ. ಎರಡನೆಯ ಅಂಕದಲ್ಲಿ ನಾಯಕ ಅಲ್ಫ್ರೆಡೋನ ತಂದೆ ಜೆರ್ಮಾಂಟ್, ಮಗನ ಪ್ರೇಯಸಿ ವಯೊಲೆಟ್ಟಾಳ ಮನೆಗೆ ಬಂದು, ತನ್ನ ಮಗಳ ಮದುವೆ ನಿಲ್ಲಬಾರದಾದರೆ ನೀನು ನನ್ನ ಮಗನನ್ನು ಬಿಟ್ಟುಕೊಡಬೇಕು ಎಂದು ಕೇಳುವ ಭಾಗವನ್ನು ಕೇಳುತ್ತಿದ್ದಾಗ ಇಟಲಿಯ ಭಾಷೆ ನನಗೆ ಅಡ್ಡಿಯೆನಿಸಲಿಲ್ಲ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಹೆಣ್ಣೊಬ್ಬಳಿಂದ ತ್ಯಾಗ ಕೇಳುವ ಹಿರಿಯರನ್ನು ನಮ್ಮ ಕಂಪನಿ ನಾಟಕಗಳಲ್ಲಿ ಎಷ್ಟು ಬಾರಿ ನೋಡಿಲ್ಲ?

ಹೋಗಿ ಬಂದ ಉಳಿದವರು ತಮ್ಮ ಅನಿಸಿಕೆಗಳನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ಮುಂದಿನ ವರ್ಷವೂ ಇಂಥ ಪ್ರವಾಸ ಬೇಕೇ ಎಂಬುದನ್ನು ವಿಭಾಗದವರು ನಮ್ಮನ್ನು ಕೇಳಿದ್ದಾರೆ.

ಎಂ.ಕಾಂ. ವಿದ್ಯಾರ್ಥಿ, ಹರಿಹರ

ಮುಚ್ಚುಮರೆಯಿಲ್ಲದೆ ಬರೆಯಿರಿ ಎಂದು ನೀವೇ ಹೇಳಿದ್ದೀರಿ, ಆದ್ದರಿಂದ ಬರೆಯುತ್ತೇನೆ. ನನಗೆ ಒಪೆರಾ ಬೇಸರ ತಂದಿತು. ಹಾಡುಗಾರ್ತಿಯ ಕಂಠದ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಂಗ್ಲಿಷಿನ ಸಾಲುಗಳು ಮೇಲಿನ ಪರದೆಯ ಮೇಲೆ ಓಡುತ್ತಿರುವಾಗ, ಓದಲು ಹೋದರೆ ರಂಗದ ಮೇಲಿನ ಮುಖ ತಪ್ಪುತ್ತದೆ, ಮುಖ ನೋಡಿದರೆ ಮಾತು ತಪ್ಪುತ್ತದೆ. ಒಂದೇ ಮಾತನ್ನು ನಾಲ್ಕಾರು ಬಾರಿ ಹಾಡುವುದೇಕೆ ಎಂಬುದೂ ನನಗೆ ತಿಳಿಯಲಿಲ್ಲ.

ವಸ್ತುಸಂಗ್ರಹಾಲಯದ ಬಗ್ಗೆ ನನ್ನ ದೂರು ಬೇರೆ ಬಗೆಯದು. ನಮ್ಮನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಅಟ್ಟಿಕೊಂಡು ಹೋದರು. ನಾಣ್ಯಗಳು, ಪಿಂಗಾಣಿ, ಕತ್ತಿಗಳು, ಕಿರುಚಿತ್ರಗಳು ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ಕಣ್ಣಮುಂದೆ ಹಾದುಹೋದರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಒಂದು ಮಾತ್ರ ಉಳಿಯಿತು: ಇಂದಿನ ಇರಾಕಿನಲ್ಲಿದ್ದ ಪ್ರಾಚೀನ ಅಸ್ಸೀರಿಯಾದ ನಿಮ್ರೂದ್ ಅರಮನೆಯಿಂದ ಬಂದ ಉಬ್ಬುಶಿಲ್ಪ. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ್ದು. ಗಡ್ಡದ ಸುರುಳಿಗಳನ್ನೂ ಮೀನಖಂಡದ ಸ್ನಾಯುಗಳನ್ನೂ ಕೆತ್ತಿರುವ ರೀತಿಯನ್ನು ಕಂಡು ನಾನು ಗುಂಪಿನಿಂದ ಹಿಂದೆ ಉಳಿದೆ. ಅಸ್ಸೀರಿಯಾದ ವಿಷಯ ನಾನು ಏನೂ ಓದಿರಲಿಲ್ಲ ಎಂಬುದನ್ನು ಗಮನಿಸಿ. ಓದಿಕೊಂಡು ಹೋದರೆ ಮಾತ್ರ ರುಚಿಸುತ್ತದೆ ಎಂದು ರೈಲಿನಲ್ಲಿ ವಾದಿಸಿದವರಿಗೆ ಇದು ನನ್ನ ಉತ್ತರ.

ನಿವೃತ್ತ ಇತಿಹಾಸ ಅಧ್ಯಾಪಕ, ಚಿತ್ರದುರ್ಗ

ಇಬ್ಬರೂ ಪ್ರಾಮಾಣಿಕವಾಗಿ ಬರೆದಿರುವುದು ಸಂತೋಷ. ಹರಿಹರದ ವಿದ್ಯಾರ್ಥಿಯ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ಅಸ್ಸೀರಿಯಾದ ಶಿಲ್ಪ ಓದದವನನ್ನೂ ನಿಲ್ಲಿಸುತ್ತದೆ, ಏಕೆಂದರೆ ಅರಮನೆಗೆ ಬಂದವರನ್ನು ನಿಲ್ಲಿಸಿ ಬೆರಗುಗೊಳಿಸಲೆಂದೇ ಅದನ್ನು ಮಾಡಿಸಿದ್ದು. ಮಡಕೆಯ ಚೂರಿಗೆ ಆ ಶಕ್ತಿಯಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಮಡಕೆಯ ಚೂರುಗಳೇ ಹೆಚ್ಚು, ಅವುಗಳ ಮುಂದೆ ವಿದ್ಯಾರ್ಥಿಗಳು ನಿಲ್ಲುವುದೇ ಕಡಿಮೆ.

ನಮ್ಮ ಚಂದ್ರವಳ್ಳಿಯನ್ನೇ ತೆಗೆದುಕೊಳ್ಳಿ. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಅಗೆಸಿದರು. ಅವರು ಇಲ್ಲಿಗೆ ಬಂದದ್ದರ ಹಿಂದೆ ಒಂದು ಲೆಕ್ಕಾಚಾರವಿತ್ತು. ಅದಕ್ಕೆ ಎರಡು ವರ್ಷ ಮೊದಲು, 1945ರಲ್ಲಿ, ಪುದುಚೇರಿಯ ಹತ್ತಿರದ ಅರಿಕಮೇಡುವಿನಲ್ಲಿ ಇಟಲಿಯಿಂದ ಹಡಗಿನಲ್ಲಿ ಬಂದ ಪಾತ್ರೆಗಳು ಅವರಿಗೆ ಸಿಕ್ಕಿದ್ದವು. ಆ ಪಾತ್ರೆಗಳ ಕಾಲ ಇಟಲಿಯ ಕಡೆಯಿಂದ ಗೊತ್ತಿತ್ತು. ಅವುಗಳ ಜೊತೆಗೆ ಅದೇ ಪದರದಲ್ಲಿ, ತಳದ ಒಳಮೈಯಲ್ಲಿ ಸಣ್ಣ ಗೀರುಗಳ ವರ್ತುಲಗಳಿರುವ ಇನ್ನೊಂದು ಬಗೆಯ ತಟ್ಟೆಯ ಚೂರುಗಳೂ ಸಿಕ್ಕಿದ್ದವು. ಅದೇ ಬಗೆಯ ಚೂರು ಬ್ರಹ್ಮಗಿರಿಯ ಮಣ್ಣಿನಲ್ಲೂ ದೊರೆತರೆ ಆ ಪದರದ ಕಾಲ ತಿಳಿಯುತ್ತದೆ, ಅದರ ಕೆಳಗಿರುವ ಬೃಹತ್ ಶಿಲಾ ಸಮಾಧಿಗಳ ಸಂಸ್ಕೃತಿ ಅದಕ್ಕಿಂತ ಹಳೆಯದು, ಅದಕ್ಕೂ ಕೆಳಗಿನ ಕಲ್ಲುಕೊಡಲಿಗಳ ಪದರ ಇನ್ನೂ ಹಳೆಯದು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಒಂದು ಕಾಲಕ್ರಮ ದೊರೆತದ್ದು ಹೀಗೆ, ನಮ್ಮ ಜಿಲ್ಲೆಯ ಮಣ್ಣಿನಲ್ಲಿ. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದ್ದು ಈ ಲೆಕ್ಕಕ್ಕೆ ಮತ್ತೊಂದು ಆಧಾರವಾಯಿತು.

ಇಷ್ಟನ್ನು ತಿಳಿದವನಿಗೆ ಕೋಟೆಯ ದಾರಿಯಲ್ಲಿ ರಂಗಯ್ಯನ ಬಾಗಿಲಿನ ಬಳಿ ಇರುವ ನಮ್ಮ ವಸ್ತುಸಂಗ್ರಹಾಲಯದಲ್ಲಿ ಚಂದ್ರವಳ್ಳಿಯ ಮಡಕೆಗಳು ಬೇರೆಯಾಗಿ ಕಾಣುತ್ತವೆ. ತಿಳಿಯದವನು ಕೋಟೆಗೆ ಹೋಗುವ ಆತುರದಲ್ಲಿ ಹಾದುಹೋಗುತ್ತಾನೆ. ಆದ್ದರಿಂದ ನನ್ನ ಸಲಹೆ ಇದು: ಮೊದಲು ಚಂದ್ರವಳ್ಳಿಯ ಕೆರೆಯ ದಂಡೆಗೆ ಹೋಗಿ, ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನು ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನವನ್ನು ನೋಡಿ, ಅನಂತರ ಇಲ್ಲಿನ ವಸ್ತುಸಂಗ್ರಹಾಲಯಕ್ಕೆ ಬನ್ನಿ. ಮುಂಬೈ ಆಮೇಲೆ ಬರಲಿ. ಐಹೊಳೆಯ ಫಲಕದ ಬಗ್ಗೆ ಆ ಹೆಣ್ಣುಮಗಳು ಕೇಳಿದ ಪ್ರಶ್ನೆ ಅವರಿಗೆ ಹೊಳೆದದ್ದೇ ಅವರು ಮೊದಲು ಐಹೊಳೆಗೆ ಹೋಗಿದ್ದರಿಂದ ಎಂಬುದನ್ನು ಮರೆಯಬಾರದು.

ನಾಟಕ ಕಂಪನಿಯ ಮನೆಯವನು, ದಾವಣಗೆರೆ

ನನ್ನ ತಂದೆ ಕಂಪನಿಗಳಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದವರು. ಒಪೆರಾವನ್ನು ನಾನು ರಂಗದ ಮೇಲೆ ನೋಡಿಲ್ಲ, ಧ್ವನಿಮುದ್ರಣದಲ್ಲಿ ಕೇಳಿದ್ದೇನೆ. ಆದರೂ ಹರಿಹರದ ತಮ್ಮನ ಒಂದು ಪ್ರಶ್ನೆಗೆ ಉತ್ತರಿಸುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಒಂದೇ ಮಾತನ್ನು ನಾಲ್ಕಾರು ಬಾರಿ ಏಕೆ ಹಾಡುತ್ತಾರೆ? ನಮ್ಮ ರಂಗಗೀತೆಯಲ್ಲಿ ಪಲ್ಲವಿಗೆ ಮತ್ತೆ ಮತ್ತೆ ಮರಳುವುದಿಲ್ಲವೇ? ಪಾತ್ರಕ್ಕೆ ದುಃಖ ಬಂದಾಗ ಕಥೆ ಅಲ್ಲಿಗೆ ನಿಲ್ಲುತ್ತದೆ, ಹಾಡು ಮುಗಿದ ಮೇಲೆ ಮುಂದಕ್ಕೆ ಹೋಗುತ್ತದೆ. ಕಥೆ ಯಾವಾಗ ಮುಂದುವರಿಯುತ್ತದೆ ಎಂದು ಕಾಯುತ್ತ ಕುಳಿತವನಿಗೆ ಹಾಡು ಅಡ್ಡಿಯಾಗಿ ಕಾಣುತ್ತದೆ. ಹಳೆಯ ಪ್ರೇಕ್ಷಕರು ಹಾಗೆ ಕಾಯುತ್ತಿರಲಿಲ್ಲ. ದ್ರೌಪದಿಯ ಸೀರೆ ಸೆಳೆಯುತ್ತಾರೆ, ಕೃಷ್ಣ ಕಾಪಾಡುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಈ ಸಲದ ನಟಿ ಕೃಷ್ಣನನ್ನು ಹೇಗೆ ಕರೆಯುತ್ತಾಳೆ ಎಂಬುದಕ್ಕಾಗಿ ಅವರು ಟಿಕೆಟ್ ಕೊಳ್ಳುತ್ತಿದ್ದರು. ಚೆನ್ನಾಗಿ ಕರೆದರೆ 'ಒನ್ಸ್ ಮೋರ್' ಎಂಬ ಕೂಗು ಏಳುತ್ತಿತ್ತು, ನಟಿ ಮತ್ತೊಮ್ಮೆ ಹಾಡಲೇಬೇಕಿತ್ತು. ಒಪೆರಾದಲ್ಲೂ ಅದೇ ಪದ್ಧತಿ ಒಂದು ಕಾಲದಲ್ಲಿ ಜೋರಾಗಿತ್ತು ಎಂದು ಓದಿದ್ದೇನೆ. ನೀವು ಅಂದು ಕೂಗಿದಿರೋ ಇಲ್ಲವೋ?

ನೀವು ಕುಳಿತಿದ್ದ ಆ ರಂಗಮಂದಿರದ ಬಗ್ಗೆಯೂ ಒಂದು ಮಾತು. 1911ರಲ್ಲಿ ಐದನೆಯ ಜಾರ್ಜ್ ದೊರೆ ಅದನ್ನು ಉದ್ಘಾಟಿಸಿದ. ಹೆಸರು ಒಪೆರಾ ಹೌಸ್ ಆದರೂ ಬಾಲಗಂಧರ್ವರಂಥ ಮರಾಠಿ ಸಂಗೀತ ನಾಟಕದ ಕಲಾವಿದರೂ ಪೃಥ್ವಿರಾಜ್ ಕಪೂರ್ ಅವರೂ ಆ ರಂಗದ ಮೇಲೆ ಅಭಿನಯಿಸಿದರು. ಮುಂದೆ ಅದು ಸಿನಿಮಾ ಮಂದಿರವಾಯಿತು. 1993ರಲ್ಲಿ ಬಾಗಿಲು ಮುಚ್ಚಿತು. ದುರಸ್ತಿಯ ನಂತರ 2016ರಲ್ಲಿ ಮತ್ತೆ ತೆರೆಯಿತು. ಮರಾಠಿ ಸಂಗೀತ ನಾಟಕವೂ ನಮಗೆ ದೂರದ್ದಲ್ಲ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಅವರು ಮೊದಲ ನಾಟಕ ಆಡಿಸಿದ್ದರ ಹಿಂದೆ ಉತ್ತರ ಕನ್ನಡದಿಂದ ಅಲ್ಲಿಗೆ ಹೋಗಿದ್ದ ಯಕ್ಷಗಾನ ಮೇಳದ ಪ್ರೇರಣೆ ಇತ್ತು. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯಲ್ಲಿ. ಆ ಸಂಗೀತ ನಾಟಕದ ಅಲೆಯೇ ತಿರುಗಿ ಬಂದು ನಮ್ಮ ಕಂಪನಿಗಳನ್ನು ಮುಟ್ಟಿತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದ ಈ ಊರಿನ ಮಕ್ಕಳು ಅಲ್ಲಿ ಪರಕೀಯರಂತೆ ಕುಳಿತು ಬಂದರೆ ನನಗೆ ಸ್ವಲ್ಪ ನೋವಾಗುತ್ತದೆ.

ಭೌತವಿಜ್ಞಾನದ ವಿದ್ಯಾರ್ಥಿನಿ, ದಾವಣಗೆರೆ

ಅಣ್ಣನವರೇ, ನಾವು ಕೂಗಲಿಲ್ಲ. ಕೂಗಬಹುದೇ ಎಂದು ಪಕ್ಕದವರನ್ನು ಕೇಳುವ ಧೈರ್ಯವೂ ಬರಲಿಲ್ಲ. ಚಪ್ಪಾಳೆ ಯಾವಾಗ ತಟ್ಟಬೇಕೆಂಬುದನ್ನೇ ಮುಂದಿನ ಸಾಲಿನವರನ್ನು ನೋಡಿ ಕಲಿತೆವು.

ನಾನು ಬೆರಗಾದದ್ದು ಮೈಕಿನ ವಿಷಯದಲ್ಲಿ. ಗಾಯಕಿಯ ಕೊರಳಿನ ಬಳಿ ಸಣ್ಣ ಮೈಕ್ ಇದ್ದೇ ಇರುತ್ತದೆ ಎಂದು ಹುಡುಕಿದೆ, ಇರಲಿಲ್ಲ. ಒಪೆರಾ ಗಾಯನದ ಪದ್ಧತಿಯೇ ಹಾಗೆ. ವಾದ್ಯವೃಂದದ ಶಬ್ದಶಕ್ತಿಯ ಹೆಚ್ಚಿನ ಪಾಲು ಸುಮಾರು 500 ಹರ್ಟ್ಸ್‌ನ ಆಸುಪಾಸಿನಲ್ಲಿದ್ದು ಅದಕ್ಕಿಂತ ಮೇಲಿನ ಕಂಪನಗಳಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ತರಬೇತಾದ ಗಾಯಕರು, ಅದರಲ್ಲೂ ಪುರುಷ ಗಾಯಕರು, ಗಂಟಲಿನ ಕೆಳಭಾಗವನ್ನು ಹಿಗ್ಗಿಸಿ ಧ್ವನಿಪೆಟ್ಟಿಗೆಯನ್ನು ಸ್ವಲ್ಪ ತಗ್ಗಿಸಿ ಹಾಡುವಾಗ 3000 ಹರ್ಟ್ಸ್‌ನ ಸುತ್ತ ಅವರ ಧ್ವನಿಗೆ ವಿಶೇಷ ಬಲ ಬರುತ್ತದೆ. ವಾದ್ಯಗಳು ದುರ್ಬಲವಾಗಿರುವ ಜಾಗದಲ್ಲೇ ಕಂಠ ಬಲವಾಗಿರುವುದರಿಂದ, ನಮ್ಮ ಕಿವಿಯೂ ಆ ಪಟ್ಟಿಗೆ ಹೆಚ್ಚು ಸೂಕ್ಷ್ಮವಾಗಿರುವುದರಿಂದ, ಒಬ್ಬನ ದನಿ ಹತ್ತಾರು ವಾದ್ಯಗಳನ್ನು ದಾಟಿ ಹಿಂದಿನ ಸಾಲಿಗೆ ತಲುಪುತ್ತದೆ. ಸ್ತ್ರೀಕಂಠ ಬಹಳ ಮೇಲಿನ ಸ್ವರಗಳಲ್ಲಿ ಬೇರೆ ಉಪಾಯ ಬಳಸುತ್ತದೆ: ಬಾಯನ್ನು ಅಗಲಿಸಿ, ಗಂಟಲಿನ ಅನುರಣನವನ್ನೇ ಹಾಡುತ್ತಿರುವ ಸ್ವರದ ಹತ್ತಿರಕ್ಕೆ ತರುತ್ತಾರೆ. ಮೇಲಿನ ಸ್ವರಗಳಲ್ಲಿ ಪದಗಳು ಸ್ಪಷ್ಟವಾಗಿ ಕೇಳಿಸದಿರುವುದಕ್ಕೆ ಇದೂ ಒಂದು ಕಾರಣ. ಅಂದು ನಮ್ಮೆದುರು ಇದ್ದದ್ದು ಪಿಯಾನೊ ಒಂದೇ ಆದ್ದರಿಂದ ಈ ಪಂದ್ಯ ಪೂರ್ತಿಯಾಗಿ ಕಾಣಲಿಲ್ಲ ಎಂಬ ಒಂದು ಕೊರಗು ಉಳಿದಿದೆ.

ಪೋಷಕರು, ಚಳ್ಳಕೆರೆ

ನಾನು ಶೇಂಗಾ ಬೆಳೆಯುವವನು. ನನ್ನ ಮಗಳೂ ಈ ಪ್ರವಾಸಕ್ಕೆ ಹೋಗಿದ್ದಳು. ಖರ್ಚಿನ ಬಗ್ಗೆ ಮನೆಯಲ್ಲಿ ಮಾತು ನಡೆದದ್ದು ನಿಜ, ಕಳಿಸಿದ್ದಕ್ಕೆ ಬೇಸರವಿಲ್ಲ. ನನ್ನ ಪ್ರಶ್ನೆ ಒಂದೇ. ಅಲ್ಲಿ ಯಾರಾದರೂ ಇವರಿಗೆ ಕನ್ನಡದಲ್ಲಿ ವಿವರಿಸಿದರೇ? ನಮ್ಮ ಕಡೆಯ ಬಯಲಾಟದಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು, ತಾವು ಯಾರು, ಯಾವ ಊರಿನ ಅರಸರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ವೇಷಧಾರಿ ಉತ್ತರ ಕೊಡುತ್ತಾನೆ. ಮೊದಲ ಬಾರಿ ನೋಡಲು ಬಂದ ಮಗುವಿಗೂ ಭುಜಕೀರ್ತಿ ಕಟ್ಟಿದವನು ಯಾರೆಂಬುದು ತಿಳಿಯುತ್ತದೆ. ಮುಂಬೈನಲ್ಲಿ ಸಾರಥಿಯ ಕೆಲಸ ಯಾರು ಮಾಡಿದರು?

ಕನ್ನಡ ಎಂ.ಎ. ವಿದ್ಯಾರ್ಥಿನಿ, ದಾವಣಗೆರೆ

ನಿಮ್ಮ ಪ್ರಶ್ನೆಯೇ ಈ ಚರ್ಚೆಯಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ, ಸರ್. ಕನ್ನಡದಲ್ಲಿ ವಿವರಿಸುವವರು ಅಲ್ಲಿರಲಿಲ್ಲ, ಇರಬೇಕೆಂದು ಮುಂಬೈನವರನ್ನು ಕೇಳುವುದೂ ನ್ಯಾಯವಲ್ಲ. ಪ್ರವಾಸಕ್ಕೆ ಮೊದಲು ನಮ್ಮ ತರಗತಿಯವರೇ 'ಲಾ ಟ್ರಾವಿಯಾಟಾ'ದ ಕಥೆಯನ್ನು ಕನ್ನಡದಲ್ಲಿ ಸಂಗ್ರಹಿಸಿ ಎಲ್ಲರಿಗೂ ಹಂಚಿದ್ದೆವು. 1853ರ ಮಾರ್ಚ್‌ನಲ್ಲಿ ವೆನಿಸ್ ನಗರದಲ್ಲಿ ಮೊದಲ ಪ್ರದರ್ಶನ ಸೋತದ್ದನ್ನು, ತನ್ನ ಕಾಲದ ಉಡುಪಿನಲ್ಲೇ ಆಡಿಸಬೇಕೆಂಬ ವೆರ್ದಿಯ ಆಸೆಗೆ ಅಲ್ಲಿನ ಅಧಿಕಾರಿಗಳು ಒಪ್ಪದೆ ಕಥೆಯನ್ನು 1700ರ ಸುಮಾರಿಗೆ ತಳ್ಳಿಸಿದ್ದನ್ನು ಅದರಲ್ಲಿ ಬರೆದಿದ್ದೆವು. ಸಮಕಾಲೀನ ಸಮಾಜದ ಮುಖಕ್ಕೆ ಕನ್ನಡಿ ಹಿಡಿಯುವ ನಾಟಕವನ್ನು ಹಳೆಯ ವೇಷ ತೊಡಿಸಿ ನಿರುಪದ್ರವಿಯನ್ನಾಗಿ ಮಾಡುವ ಉಪಾಯ ಅಂದೂ ಇತ್ತು. ಅದನ್ನು ಓದಿದವರು ಬಹುಮಟ್ಟಿಗೆ ಸಂಜೆಯನ್ನು ಆನಂದಿಸಿದರು ಎಂಬುದು ನನ್ನ ಅಂದಾಜು. ಪರದೆಯ ಮೇಲಿನ ಸಾಲುಗಳು ಒಪೆರಾಕ್ಕೆ ಬಂದದ್ದೇ ಇತ್ತೀಚೆಗೆ, 1983ರಲ್ಲಿ ಟೊರಾಂಟೊದಲ್ಲಿ. ಅದಕ್ಕೆ ಮೊದಲು ಬೇರೆ ಭಾಷೆಯ ಒಪೆರಾ ನೋಡುವವರು ಕಥೆಯನ್ನು ಓದಿಕೊಂಡೇ ಬರುತ್ತಿದ್ದರು.

ಎಂ.ಕಾಂ. ವಿದ್ಯಾರ್ಥಿ, ಹರಿಹರ

ನಾನು ಆ ಸಂಗ್ರಹವನ್ನು ಓದಿದ್ದೆ. ರೈಲಿನಲ್ಲಿ ಎರಡು ಬಾರಿ ಓದಿದ್ದೆ. ಆದರೂ ಬೇಸರವಾಯಿತು. ಕಥೆ ತಿಳಿದಿದ್ದರೆ ಸಾಕು ಎಂಬ ವಾದ ಇಲ್ಲಿಗೆ ನಿಲ್ಲುತ್ತದೆ. ದಾವಣಗೆರೆಯ ಅಣ್ಣನವರು ಹೇಳಿದ ಪ್ರೇಕ್ಷಕರಿಗೆ ದ್ರೌಪದಿಯ ಕಥೆ ಮಾತ್ರವಲ್ಲ, ಆ ಮಟ್ಟುಗಳೂ ಗೊತ್ತಿದ್ದವು. ಚಿಕ್ಕಂದಿನಿಂದ ಕೇಳಿದ ಕಿವಿಗಳು ಅವು. ನನ್ನ ಕಿವಿಗೆ ವಯೊಲೆಟ್ಟಾಳ ಒಂದು ಹಾಡಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಅದು ಕಾಗದದಲ್ಲಿ ಬರೆದು ಹಂಚಬಹುದಾದ ತಿಳಿವಳಿಕೆಯಲ್ಲ.

ನಾಟಕ ಕಂಪನಿಯ ಮನೆಯವನು, ದಾವಣಗೆರೆ

ತಮ್ಮಾ, ನೀನು ಸರಿಯಾದ ಜಾಗವನ್ನೇ ಮುಟ್ಟಿದ್ದೀಯ. ನನ್ನ ತಂದೆ ಹೊಸ ಹುಡುಗರಿಗೆ ಮಾತಿಗಿಂತ ಮೊದಲು ಮಟ್ಟು ಕಲಿಸುತ್ತಿದ್ದರು. ಮುಂದಿನ ಬಾರಿ ಕಥೆಯ ಜೊತೆಗೆ ಮೂರು ಹಾಡುಗಳ ಧ್ವನಿಮುದ್ರಣವನ್ನು ತಿಂಗಳಿಗೆ ಮೊದಲೇ ಹಂಚಲಿ. ಬಸ್ಸಿನಲ್ಲಿ, ಅಡುಗೆ ಮಾಡುವಾಗ, ಎಲ್ಲಾದರೂ ಕಿವಿಗೆ ಬೀಳುತ್ತಿರಲಿ. ರಂಗದ ಮೇಲೆ ಆ ಹಾಡು ಬರುವಾಗ ನೀನೇ ಕಾಯುತ್ತ ಕುಳಿತಿರುತ್ತೀಯ.

ಪ್ರೌಢಶಾಲಾ ಶಿಕ್ಷಕಿ, ಹೊಸದುರ್ಗ

ನಮ್ಮ ತಾಲೂಕಿನ ಸಾಣೇಹಳ್ಳಿಯಲ್ಲಿ ಶಿವಸಂಚಾರ ತಂಡ 1997ರಿಂದ ನಾಟಕಗಳನ್ನು ಕಟ್ಟಿ ಊರೂರಿಗೆ ಒಯ್ಯುತ್ತಿದೆ; ಶಿವಕುಮಾರ ಬಯಲು ರಂಗಮಂದಿರದಲ್ಲಿ ನಡೆಯುವ ನಾಟಕೋತ್ಸವಕ್ಕೆ ನಮ್ಮ ಮಕ್ಕಳು ಹೋಗುತ್ತಾರೆ. ಅವರಿಗೆ ಯಾವ ಟಿಪ್ಪಣಿಯನ್ನೂ ನಾನು ಮೊದಲೇ ಕೊಡುವುದಿಲ್ಲ. ಮೊದಲೇ ಹೇಳಿದರೆ ಮಕ್ಕಳು ನಾನು ಹೇಳಿದ್ದನ್ನಷ್ಟೇ ನೋಡಿ ಬರುತ್ತಾರೆ ಎಂಬುದು ನನ್ನ ಅನುಭವ. ಆದರೆ ಅಲ್ಲಿಗೆ ಅವರು ಒಮ್ಮೆ ಹೋಗುವವರಲ್ಲ, ವರ್ಷ ವರ್ಷವೂ ಹೋಗುವವರು. ಜೀವನದಲ್ಲಿ ಒಮ್ಮೆ ಮಾತ್ರ ಸಿಗಬಹುದಾದ ಒಪೆರಾ ಸಂಜೆಗೆ ಈ ಮಾತು ಒಪ್ಪದು ಎಂಬುದನ್ನು ಈ ಚರ್ಚೆ ಓದಿದ ಮೇಲೆ ಒಪ್ಪುತ್ತೇನೆ.

ವಸ್ತುಸಂಗ್ರಹಾಲಯದ ಬಗ್ಗೆ ಮಾತ್ರ ಒಂದು ಆಕ್ಷೇಪವಿದೆ. ಹೆಸರು ಹೇಳಲು ಇಷ್ಟಪಡದ ಒಂದು ಊರಿನ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದಾಗ ವೀರಗಲ್ಲುಗಳ ಮುಂದೆ 'ವೀರಗಲ್ಲು' ಎಂಬ ಒಂದೇ ಪದದ ಫಲಕವಿತ್ತು. ಕಲ್ಲಿನಲ್ಲೇ ಕೆಳಗಿನ ಅಂತಸ್ತಿನಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದೆದುರು ಅವನು ಕುಳಿತಿರುವುದು ಎಲ್ಲವೂ ಕೆತ್ತಿರುವಾಗ, ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂಬ ಒಂದು ಸಾಲನ್ನಾದರೂ ಬರೆದಿದ್ದರೆ ಮಕ್ಕಳೇ ಉಳಿದದ್ದನ್ನು ಓದಿಕೊಳ್ಳುತ್ತಿದ್ದರು.

ನಿವೃತ್ತ ಇತಿಹಾಸ ಅಧ್ಯಾಪಕ, ಚಿತ್ರದುರ್ಗ

ಶಿಕ್ಷಕಿಯವರ ಮಾತಿನಿಂದ ನನಗೊಂದು ಹೊಳೆಯಿತು. ಮುಂದಿನ ವರ್ಷ ಬೆಂಗಳೂರಿಗೆ ಹೋಗಿ. 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನವಿದೆ. ಸುಮಾರು 950ರದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಆ ಯುದ್ಧದಲ್ಲಿ ಕಾದಿದ ಮಣಲೇರನು ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಕಲ್ಲಿನ ಮೇಲೆ ಅವೆರಡರ ಚಿತ್ರವಿದೆ. ಎಂ.ಎ. ಕನ್ನಡದವರು ಹಳಗನ್ನಡದ ಪಾಠವನ್ನು ಮೊದಲೇ ಬಿಡಿಸಿಕೊಂಡು, ಕಲ್ಲಿನೆದುರು ನಿಂತು ವಾಣಿಜ್ಯದವರಿಗೂ ವಿಜ್ಞಾನದವರಿಗೂ ಓದಿ ಹೇಳಲಿ. ಚಳ್ಳಕೆರೆಯವರು ಕೇಳಿದ ಸಾರಥಿಯ ಕೆಲಸ ನಿಮ್ಮಲ್ಲೇ ಒಬ್ಬರಿಂದ ಆಗಲಿ.

ಭೌತವಿಜ್ಞಾನದ ವಿದ್ಯಾರ್ಥಿನಿ, ದಾವಣಗೆರೆ

ಬೆಂಗಳೂರಿಗಾದರೆ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಸಂಗೀತದ ವಸ್ತುಸಂಗ್ರಹಾಲಯವನ್ನೂ ಸೇರಿಸಬೇಕು. ವಾದ್ಯಗಳನ್ನು ಗಾಜಿನ ಹಿಂದೆ ನೋಡುವುದಲ್ಲದೆ, ಅಲ್ಲಿನ ಧ್ವನಿ ಉದ್ಯಾನದಲ್ಲಿ ಕೈಯಿಂದ ಮುಟ್ಟಿ ನುಡಿಸುವ ಅವಕಾಶವಿದೆ. ಹರಿಹರದ ಗೆಳೆಯ ಅಲ್ಲಿಗಾದರೂ ಬೇಸರವಿಲ್ಲದೆ ಬರಬಹುದು.

ಎಂ.ಕಾಂ. ವಿದ್ಯಾರ್ಥಿ, ಹರಿಹರ

ಬರುತ್ತೇನೆ, ಎರಡು ಷರತ್ತುಗಳಿವೆ. ಮೊದಲನೆಯದು, ಒಂದು ವಸ್ತುಸಂಗ್ರಹಾಲಯಕ್ಕೆ ಒಂದು ಪೂರ್ತಿ ಹೊತ್ತು ಕೊಡಬೇಕು, ನಮಗೆ ಬೇಕಾದ ಒಂದು ಕೋಣೆಯಲ್ಲಿ ಕುಳಿತುಕೊಳ್ಳಲು ಬಿಡಬೇಕು. ಎರಡನೆಯದು, ಅಣ್ಣನವರು ಹೇಳಿದ ಮೂರು ಹಾಡುಗಳನ್ನು ಒಪೆರಾ ಇಲ್ಲದಿದ್ದರೂ ಈಗಲೇ ಕಳಿಸಬೇಕು. ಅವರ ಮಾತು ನಿಜವೋ ಅಲ್ಲವೋ ಎಂದು ಪರೀಕ್ಷಿಸಿ, ಮೆಚ್ಚಿದರೂ ಮೆಚ್ಚದಿದ್ದರೂ ಇಲ್ಲಿಯೇ ಬರೆಯುತ್ತೇನೆ. ಆತಕೂರಿನ ಪಾಠವನ್ನೂ ಅದರ ಜೊತೆಗೆ ಕಳಿಸಿದರೆ ಒಳ್ಳೆಯದು, ಆ ನಾಯಿಯ ವಿಷಯ ಪೂರ್ತಿ ಓದಬೇಕೆನಿಸಿದೆ.